ಕೆಳಗಿನ ಕೇಬಲ್

ಮಾರ್ಚ್ ೩, ಸೋಮವಾರ. ಬೆಳಿಗ್ಗೆ ೧೧

ಹಾಲೂಡಿಸಿ, ತೇಗಿಸಿ, ಮಲಗಿಸಿ ಆಯಿತು. ಇಪ್ಪತ್ತು ನಿಮಿಷ ಸಿಕ್ಕರೆ ಪುಣ್ಯ. ನಾನೂ ಮಲಗಬೇಕು. ನಿದ್ದೆ ಎಲ್ಲಿ? ಕಣ್ಣು ಮುಚ್ಚಿದರೆ ಫ್ಯಾಕ್ಟರಿಯ ನೆಟ್‌ವರ್ಕ್ ಸ್ವಿಚ್‌ಗಳ ಹಸಿರು ದೀಪ.

ಕೆಲಸಕ್ಕೆ ಹೊರಡುವಾಗ ಇವರ ಬಾಯಲ್ಲಿ ಮತ್ತೆ ಅವಳ ಸುದ್ದಿ. ನನ್ನ ಹೆರಿಗೆ ರಜೆಗೆ ಬದಲಿಯಾಗಿ ಬಂದವಳು. ಇವರ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಎಲ್ಲರೂ ‘ಮಿಂಚು’ ಎನ್ನುತ್ತಾರಂತೆ. ಹೆಸರಿಟ್ಟವರು ಯಾರೆಂದು ಕೇಳಿದೆ. ಇವರು ಶೂ ಲೇಸು ಕಟ್ಟಿದರು. ಬಹಳ ಹೊತ್ತು ಕಟ್ಟಿದರು.

“ನಿನ್ನ ನೆಟ್‌ವರ್ಕ್ ಪೂರ್ತಿ ಬದಲಾಯಿಸ್ತಾಳಂತೆ ಕಣೇ. ಭಾನುವಾರ ಟೆಸ್ಟು.”

“ನಂದೇನು ಕೆಟ್ಟುಹೋಗಿತ್ತಾ?”

“ಹಾಗಲ್ಲ... ಇದು ಇನ್ನೂ ಬೇಗವಂತೆ.”

ಔಷಧದ ಬಾಟಲಿ ತುಂಬುವ ಆ ಯಂತ್ರಗಳಿಗೆ ಐದು ವರ್ಷ ಸಂದೇಶ ಮುಟ್ಟಿಸಿದ್ದು ನಾನು ಕಟ್ಟಿದ ಜಾಲ. ಎರಡು ದಾರಿ. ಮೇಲಿನ ಕೇಬಲ್ ತೆರೆದಿರುತ್ತದೆ, ಕೆಳಗಿನದು ಮುಚ್ಚಿರುತ್ತದೆ. ಎರಡೂ ತೆರೆದರೆ ಸಂದೇಶ ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ. ಮೇಲಿನದು ಕಡಿದರೆ ಕೆಳಗಿನದು ತೆರೆಯುತ್ತದೆ. ಎರಡು-ಮೂರು ಸೆಕೆಂಡು. ಅಷ್ಟು ಹೊತ್ತು ಬಾಟಲಿ ಕಾಯಬಾರದೇ?

ಮಾರ್ಚ್ ೫, ಬುಧವಾರ. ಸಂಜೆ

ಮಿಂಚು ಮನೆಗೇ ಬಂದಳು. ಬಗಲಲ್ಲಿ ಲ್ಯಾಪ್‌ಟಾಪ್. ಗರಿಗರಿ ಅಂಗಿ. ನನ್ನ ಹೆಗಲ ಮೇಲೆ ಮಗು ಕಕ್ಕಿದ ಹಾಲು.

ತನ್ನ ವಿಧಾನ ವಿವರಿಸಿದಳು. ಕೇಬಲ್ಲುಗಳು ಅವೇ ಎರಡು. ಒಂದು ಯಂತ್ರ ಇನ್ನೊಂದನ್ನು ‘ಎಲ್ಲಿದ್ದೀಯ’ ಎಂದು ಕೂಗುತ್ತದೆ. ಕೂಗು ಎಲ್ಲ ದಾರಿಯಲ್ಲೂ ಓಡುತ್ತದೆ. ಮೊದಲು ಮುಟ್ಟಿದ ಕೂಗು ಬಂದ ದಾರಿಯೇ ದಾರಿ. ತಡವಾಗಿ ಬಂದದ್ದನ್ನು ಎಸೆಯುವುದು, ಹಾಗಾಗಿ ಸುತ್ತಾಟವಿಲ್ಲ. ಯಾವ ದಾರಿಯನ್ನೂ ಮುಚ್ಚಿಡಬೇಕಿಲ್ಲ. ಕಡಿದರೆ ಮತ್ತೊಮ್ಮೆ ಕೂಗು, ಕಣ್ಣು ಮಿಟುಕಿಸುವುದರೊಳಗೆ ಹೊಸ ದಾರಿ.

ತಪ್ಪು ಹುಡುಕಿದೆ. ಸಿಗಲಿಲ್ಲ. ಚೆನ್ನಾಗಿದೆ. ಹಾಳಾದ್ದು, ಬಹಳ ಚೆನ್ನಾಗಿದೆ. ನನಗೇಕೆ ಹೊಳೆಯಲಿಲ್ಲ?

ಮಗು ಅತ್ತಿತು. ನಾನು ಏಳುವಷ್ಟರಲ್ಲಿ ಅವಳು ಎತ್ತಿಕೊಂಡಾಗಿತ್ತು. ಎರಡು ತಟ್ಟು... ನಿದ್ದೆ. ನನ್ನ ಹತ್ತಿರ ಮುಕ್ಕಾಲು ಗಂಟೆ ರಂಪ ಮಾಡುವ ಮಗು.

ಅತ್ತೆ ಬಾಗಿಲಲ್ಲಿ ನಿಂತು, “ಕೈಗುಣ ಅಂದ್ರೆ ಇದು ನೋಡು” ಎಂದರು. ಅವಳಿಗೆ ಹೇಳಿದ್ದೋ, ನನಗೋ.

“ಅಕ್ಕನ ಮಕ್ಕಳನ್ನ ಆಡಿಸಿ ಅಭ್ಯಾಸ, ಅಮ್ಮ” ಎಂದಳು ಮಿಂಚು.

ಹೊರಡುವಾಗ ನನ್ನನ್ನು ಕೇಳಿದಳು — “ಭಾನುವಾರದೊಳಗೆ ನಂಗೆ ಗೊತ್ತಿರಬೇಕಾದ್ದು ಇನ್ನೇನಾದ್ರೂ ಇದೆಯಾ ಅಕ್ಕ?”

“ಎಲ್ಲಾ ರಜೆಗೆ ಮುಂಚೆ ಕೊಟ್ಟ ಪಟ್ಟೀಲಿ ಬರ್ದಿದೀನಲ್ಲ.”

ಚಪ್ಪಲಿ ಮೆಟ್ಟಿಯೂ ಒಂದು ಗಳಿಗೆ ನಿಂತಳು. ಮಗುವನ್ನು ನೋಡಲು ಎಂದುಕೊಂಡೆ.

ಮಾರ್ಚ್ ೮, ಶನಿವಾರ. ಮಧ್ಯಾಹ್ನ ೩

ಎರಡು ದಿನ ಬರೆಯಲಿಲ್ಲ. ಬರೆದರೆ ಇದನ್ನೇ ಬರೆಯಬೇಕಿತ್ತು.

ರಜೆಗೆ ಮುಂಚಿನ ಕೊನೆಯ ದಿನ. ಎಂಟು ತಿಂಗಳು ತುಂಬಿತ್ತು. ಬದಲಿಯವರಿಗೆ ಒಪ್ಪಿಸುವ ಪಟ್ಟಿ. ಮೇಲಿನ ಕೇಬಲ್ — ಪರೀಕ್ಷಿಸಿದೆ, ಟಿಕ್. ಕೆಳಗಿನದು ನೆಲದ ಹತ್ತಿರ, ಗೋಡೆಯ ಕಡೆ. ಬಗ್ಗಲಾಗಲಿಲ್ಲ. ಯಾರನ್ನಾದರೂ ಕರೆಯಬಹುದಿತ್ತು. ‘ಪಾಪ, ಬಸುರಿ’ ಎನ್ನುತ್ತಾರೆಂದು ಕರೆಯಲಿಲ್ಲ. ಸುಮ್ಮನೆ ಟಿಕ್ ಹೊಡೆದೆ. ಹಿಂದಿನ ವಾರದಿಂದಲೇ ಅದರ ದೀಪ ಆಗಾಗ ಆರುತ್ತಿತ್ತು. ಗೊತ್ತಿತ್ತು ನನಗೆ.

ನಾಳೆ ಹತ್ತಕ್ಕೆ ಮ್ಯಾನೇಜರ ಎದುರು ಮಿಂಚು ಮೇಲಿನ ಕೇಬಲ್ ಕೀಳುತ್ತಾಳೆ. ಕೆಳಗಿನದು ಸತ್ತಿದ್ದರೆ ಯಂತ್ರಗಳೆಲ್ಲ ನಿಲ್ಲುತ್ತವೆ. ಅವಳ ಕೆಲಸ ಕಾಯಂ ಆಗುವುದು ಬಿಡುವುದು ಈ ಟೆಸ್ಟಿನ ಮೇಲೆಯೇ ಅಂತೆ. ಮಿಂಚು ಅಲ್ಲಿಗೇ ಮಾಯ. ನನ್ನ ಕುರ್ಚಿ ನನಗೆ.

ಒಂದು ಫೋನ್ ಸಾಕು. ಮಾಡಿಲ್ಲ.

ಇವರು ನಾಳೆಗೆಂದು ನೀಲಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾರೆ. ಮದುವೆಯಾದ ಮೇಲೆ ಇಸ್ತ್ರಿಪೆಟ್ಟಿಗೆ ಮುಟ್ಟಿದ್ದು ಇದೇ ಮೊದಲು. ಮಾಡುವುದಿಲ್ಲ ಫೋನ್.

ಮಾರ್ಚ್ ೯, ಭಾನುವಾರ. ಬೆಳಿಗ್ಗೆ ೯:೩೦

ಇವರು ಹೋಗಿ ಅರ್ಧ ಗಂಟೆ. ಮಗು ಹಾಲು ಕುಡಿಯುತ್ತಿದೆ, ನಾನು ಗಡಿಯಾರ ನೋಡುತ್ತಿದ್ದೇನೆ. ಎದೆಗೆ ಕೂಸನ್ನು ಅವಚಿಕೊಂಡು, ಇನ್ನೊಬ್ಬಳ ಅನ್ನಕ್ಕೆ ಕಲ್ಲು ಬೀಳಲೆಂದು ಕಾಯುವುದೇ... ಥೂ.

೯:೫೫

ಮಾಡಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಆ ಕಡೆ ಯಂತ್ರದ ಸದ್ದು, ಆಮೇಲೆ ಮಿಂಚುವಿನ ದನಿ.

“ಗೊತ್ತು ಅಕ್ಕ. ಮಂಗಳವಾರವೇ ನೋಡ್ದೆ. ಸತ್ತೇ ಹೋಗಿತ್ತು. ಬೇರೆ ಹಾಕಿದೀನಿ.”

“ಯಾರಿಗೆ ಹೇಳ್ದೆ?”

“ಯಾರಿಗೂ ಇಲ್ಲ. ನೀವೇ ಹೇಳ್ತೀರೇನೋ ಅಂತ ಬುಧವಾರ ಮನೆಗೆ ಬಂದೆ. ಇವತ್ತು ಹೇಳಿದ್ರಲ್ಲ, ಬಿಡಿ. ಮ್ಯಾನೇಜರ್ ಕರೀತಿದಾರೆ, ಇಡ್ಲಾ?”

ಮಧ್ಯಾಹ್ನ ೨

ಇವರ ಮೆಸೇಜು. ಕೇಬಲ್ ಕಿತ್ತದ್ದೇ ಯಾರಿಗೂ ತಿಳಿಯಲಿಲ್ಲವಂತೆ. ಒಂದು ಬಾಟಲಿಯೂ ನಿಲ್ಲಲಿಲ್ಲವಂತೆ.

ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ಸುಳ್ಳು. ಜಾಣೆಯೂ ಅವಳೇ, ಒಳ್ಳೆಯವಳೂ ಅವಳೇ ಆದರೆ ನನಗೆ ಉಳಿದದ್ದೇನು? ಬಾಯಿ ಮುಚ್ಚಿಕೊಂಡು ನನ್ನ ಮಾನ ಕಾಯುತ್ತಿದ್ದಾಳೆ. ಆ ಋಣ ಹೊತ್ತು ಅವಳ ಪಕ್ಕದ ಮೇಜಿನಲ್ಲಿ ಕೂರಲಾರೆ.

ಲ್ಯಾಪ್‌ಟಾಪ್ ತೆಗೆದೆ. ದೋಷ ವರದಿಯ ಫಾರಂ. ‘ಪರೀಕ್ಷಿಸದೆಯೇ ಟಿಕ್ ಹೊಡೆದವಳು ನಾನು.’ ಸೀದಾ ಬರೆದೆ. ಮುಂದಿನ ಖಾನೆ — ದೋಷವನ್ನು ಕಂಡುಹಿಡಿದು ಸರಿಪಡಿಸಿದವರ ಹೆಸರು. ಪೂರ್ತಿ ಹೆಸರು ಬೇಕಂತೆ. ಗೊತ್ತಿದೆ ನನಗೆ. ಮೊದಲ ಅಕ್ಷರ ಒತ್ತಿದೆ. ಅಳಿಸಿದೆ. ಮತ್ತೆ ಒತ್ತಿದೆ. ಇನ್ನು ಎರಡನೆಯದು —