ಶಾಯಿಯಂಥ ನೀಲಿ

ಅಣ್ಣ,

ನೀನು ಓದುವುದಿಲ್ಲ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ. ಇವತ್ತು ನಮ್ಮ ಆಸ್ಪತ್ರೆಗೆ ಹೆಬ್ಬೂರಿನ ಗುಂಡಯ್ಯ ಅನ್ನುವವರು ಬಂದಿದ್ದರು. ಪಕ್ಕದ ತೋಟದಿಂದ ಹಳೇ ಟಾನಿಕ್ ಬಾಟಲಿಯಲ್ಲಿ ತಂದಿಟ್ಟಿದ್ದ ಕಳೆನಾಶಕವನ್ನು ಟಾನಿಕ್ ಅಂದುಕೊಂಡು ಒಂದು ಗುಟುಕು ಕುಡಿದುಬಿಟ್ಟಿದ್ದಾರೆ, ನಿನ್ನ ಹಾಗೆಯೇ. ತಾವೇ ನಡೆದು ಬಂದರು, ನರ್ಸ್ ಜೊತೆ ತಮಾಷೆಯನ್ನೂ ಮಾಡಿದರು.

ಅವರ ಮೂತ್ರದ ಸ್ಯಾಂಪಲ್ ನನ್ನ ಲ್ಯಾಬಿಗೇ ಬಂತು. ಆ ವಿಷ ಇದೆಯಾ ಅಂತ ತೋರಿಸುವ ಪುಡಿ ಹಾಕಿ ಟ್ಯೂಬು ಅಲುಗಾಡಿಸಿದೆ. ನೀಲಿಯಾಯಿತು. ತಿಳಿ ನೀಲಿಯಲ್ಲ, ಶಾಯಿಯಂಥ ನೀಲಿ. ಇಷ್ಟು ಕಡು ಬಣ್ಣ ಬಂದವರು ಉಳಿದದ್ದನ್ನು ನಾನು ನೋಡಿಲ್ಲ. ಡಾಕ್ಟರ್ ನೋಡಿ ಟ್ಯೂಬು ವಾಪಸ್ ಕೊಟ್ಟರು.

ಹೊರಗೆ ಅವರ ಹೆಂಡತಿ ಬ್ಯಾಗ್ ಹಿಡಿದು ನಿಂತಿದ್ದರು. "ಚೆನ್ನಾಗೇ ಮಾತಾಡ್ತವ್ರೆ ಕಣಮ್ಮ, ಗಂಟ್ಲುರಿ ಅಷ್ಟೇಯ. ಊರಿಗೋಗಿ ಹಸ ಕರ್ದು ಬೆಳಿಗ್ಗೆ ಬರ್ಲಾ?"

"ಹೋಗ್ಬೇಡಿ, ಇಲ್ಲೇ ಇರಿ" ಅಂದೆ. ಯಾಕೆ ಅಂತ ಕೇಳಿದರು. ನನ್ನ ಮುಖ ನೋಡುತ್ತಲೇ ಅವರು ಬ್ಯಾಗ್ ಕೆಳಗಿಟ್ಟರು.

ಮೂರು ವರ್ಷದ ಹಿಂದೆ ನಿನ್ನ ಟ್ಯೂಬಿನಲ್ಲೂ ಇದೇ ಬಣ್ಣ ಬಂದಿತ್ತು. "ಏನೂ ಇಲ್ಲ ಕಣಣ್ಣ, ಕ್ಲಿಯರ್ ಇದೆ" ಅಂದಿದ್ದೆ. ನೀನು ನಂಬಿದೆ. "ಆಸ್ಪತ್ರೇಲಿ ಮಗು ಯಾಕೆ? ಇಂಪನಾನ ಊರಿಗೆ ಕರ್ಕೊಂಡೋಗು, ನಾಡಿದ್ದು ನಾನೇ ಬರ್ತೀನಿ" ಅಂತ ನೀನೇ ಅತ್ತಿಗೆಗೆ ಹೇಳಿದೆ. ನಾಡಿದ್ದರ ತನಕ ನೀನು ಇರಲಿಲ್ಲ.

ಅವರಿಬ್ಬರನ್ನೂ ಕಡಬದ ಬಸ್ಸು ಹತ್ತಿಸಿ ಬಂದವಳು ನಾನೇ.