ಹಿಂಡಿನ ಮುಂದೆ ರೇಣಮ್ಮ

ಮಗನೇ ಬೀರಣ್ಣ,

ರಜಾಕಾರರ ಗದ್ದಲದಲ್ಲಿ ಮನೆ ಬಿಟ್ಟವನು ನೀನು ತಿರುಗಿ ಬರಲಿಲ್ಲ. ನಿನ್ನ ಮಗಳು ರೇಣಮ್ಮ ಮೂಲೆ ಹಿಡಿದಳು. ಉಣ್ಣು ಅಂದರೆ ತಾಟು ಎತ್ತಿ ಬೀಸಿ ಒಗೆಯುತ್ತಿದ್ದಳು. ಬೈದು ಬೈದು ಸಾಕಾಗಿ, ನೆರೆಮನೆ ಮಲಕಮ್ಮನ ಕುರಿಹಿಂಡಿನ ಜೊತೆ ಸುರಪುರದ ಗುಡ್ಡಕ್ಕೆ ಅಟ್ಟಿದೆ. ಇವತ್ತು ಬಂದಳು. ತಾನೇ ರೊಟ್ಟಿ ಕೇಳಿ ತಿಂದಳು.

"ಗುಡ್ಡದಾಗ ಏನ್ ಕಲ್ತ್ ಬಂದೀ?" ಅಂದೆ.

"ತಾಯಿ ಒಲ್ಲೆ ಅಂದ ಮರಿಗಿ ಹಾಲ ಕುಡಿಸಿ ಉಳಿಸೀನಿ. ಇನ್ನ ಹಿಂಡಿನ ಮುಂದ ನಾನಽ ನಡೀತೀನಿ. ಅಪ್ಪನ ಕಂಬಳಿ ಕೊಡು, ಆಯಿ."

"ನಿಮ್ಮಪ್ಪ ಬಂದ್ರ ಏನ್ ಹೊದೀಬೇಕು?"

"ಬಂದ್ರ ಇಬ್ರೂ ಹೊದೀತೀವಿ."

ನಿಮ್ಮವ್ವ ಮಾತಿಗೆ ಸೋತಳಪ್ಪ. ಇಷ್ಟು ದಿನ ಯಾರಿಗೂ ಮುಟ್ಟಗೊಡದ ಕಂಬಳಿಯನ್ನು ಗೂಟದಿಂದ ಇಳಿಸಿ ಅವಳ ಹೆಗಲಿಗೆ ಹಾಕಿದೆ. ನೆಲ ಮುಟ್ಟುತ್ತಿತ್ತು. ಕತ್ತರಿಸಲಿಲ್ಲ, ಮಡಚಿ ಹೊದಿಸಿದೆ.