ಮುಟ್ಟಬಾರದೆಂಬ ನಿಯಮ

ಉಜ್ವಲ್,

ನೀನು ಸಮುದ್ರದಿಂದ ಮೇಲೆ ಬರಲಿಲ್ಲ, ನಿನ್ನ ಕ್ಯಾಮೆರಾ ಬಂತು. ಅದರಲ್ಲಿದ್ದ ಕೊನೆಯ ಫೋಟೊವನ್ನೇ ನಮ್ಮ ಶಾರ್ಕ್ ಡೈವಿಂಗ್ ಪತ್ರಿಕೆಯ ಮುಖಪುಟಕ್ಕೆ ಇಟ್ಟಿದ್ದೆ. ಇವತ್ತು ಮಣಿಪಾಲದ ಪ್ರೆಸ್ಸಿಗೆ ಕಳಿಸುವ ಮೊದಲು ದೊಡ್ಡದು ಮಾಡಿ ನೋಡಿದರೆ, ಶಾರ್ಕಿನ ಬೆನ್ನ ಮೇಲೆ ನಿನ್ನ ಕೈ! ಮಣಿಕಟ್ಟಿಗೆ ನಾನು ಕಟ್ಟಿದ ನೂಲಿನ ಸಮೇತ.

ಶಾರ್ಕನ್ನು ಮುಟ್ಟಿದವರ ಫೋಟೊ ಹಾಕಬಾರದೆಂದು ನಿಯಮ ಮಾಡಿದವನು ಯಾರು? ಅದೇ ಕಾರಣಕ್ಕೆ ಕಾಪುವಿನ ಆ ಹುಡುಗಿ ಕಳಿಸಿದ್ದ ಚಿತ್ರ ಎಸೆದು, ಅವಳ ಕಣ್ಣಲ್ಲಿ ನೀರು ತರಿಸಿದವನು ಯಾರು?

“ಕೈಯನ್ನು ಕ್ರಾಪ್ ಮಾಡುವ, ಮೇಡಂ. ಯಾರಿಗೆ ಗೊತ್ತಾಗ್ತದೆ?” ಎಂದಳು ನಮ್ಮ ಡಿಸೈನರ್ ಯಶ್ಮಿತಾ. ನಿನಗೆ ಬೈಯಬೇಕಾದ್ದನ್ನೆಲ್ಲ ಅವಳಿಗೆ ಬೈದೆ.

ನಿನ್ನ ನಿಯಮದಂತೆಯೇ ನಿನ್ನ ಫೋಟೊ ತೆಗೆದುಹಾಕಿದ್ದೇನೆ. ಮುಖಪುಟದಲ್ಲಿ ಈಗ ಬರೀ ನೀರಿದೆ. ಒಪ್ಪಿಗೆ ಇಲ್ಲದಿದ್ದರೆ ಬಂದು ಜಗಳ ಮಾಡು, ಮಾರಾಯ.